ಐದನೇ ಉಡುಗೊರೆ ಯಾರದು?

ಚೀಟಿ ಬಿಡಿಸಿ ನೋಡಿದರೆ ಚಕ್ರಪಾಣಿಗೆ ಬಂದದ್ದು ಚಕ್ರಪಾಣಿಯೇ.

ಚಾಮರಾಜಪೇಟೆಯ ಆ ಅಂಗಡಿಯಲ್ಲಿ ಮದುವೆ ಕಾರ್ಡು, ಕ್ಯಾಲೆಂಡರು ಅಚ್ಚು ಹಾಕುತ್ತಾರೆ. ಯಜಮಾನರನ್ನೂ ಸೇರಿಸಿ ಐದೇ ಜನ. ಆರು ತಿಂಗಳ ಹಿಂದೆ ಡಿಸೈನ್ ಕೆಲಸಕ್ಕೆ ಸೇರಿದ ಅಕ್ಷಯಾ ಎಂಬ ಹುಡುಗಿ ತನ್ನ ಹಳೆಯ ಕಂಪನಿಯ ಆಟವೊಂದನ್ನು ಇಲ್ಲಿಗೂ ತಂದಿದ್ದಳು. ಐದು ಹೆಸರು ಬರೆದು ಡಬ್ಬಿಗೆ ಹಾಕುವುದು. ಯಾರ ಹೆಸರು ಸಿಕ್ಕಿತೋ ಅವರಿಗೆ ಗುಟ್ಟಾಗಿ ಒಂದು ಕ್ರಿಸ್‌ಮಸ್ ಉಡುಗೊರೆ, ಜೊತೆಗೆ ಎರಡು ಸಾಲಿನ ಕಾಗದ. ಮನೆಗೆ ಒಯ್ದು ಬಿಚ್ಚಿ ನೋಡಿ, ಇಪ್ಪತ್ತಾರನೇ ತಾರೀಕು ಸಂಜೆ ಟೀ ಹೊತ್ತಿಗೆ ಯಾರಿಗೆ ಏನು ಬಂತು ಅಂತ ಎಲ್ಲರೂ ಹೇಳಿಕೊಳ್ಳಬೇಕು, ಕೊಟ್ಟವರು ಯಾರು ಅಂತ ಪತ್ತೆ ಹಚ್ಚಬೇಕು.

ಮೊದಲ ಸಲ ಎತ್ತಿದಾಗ ಮಿಷಿನ್ ನೋಡಿಕೊಳ್ಳುವ ಮಾಯಣ್ಣನಿಗೆ ಮಾಯಣ್ಣನೇ ಬಂದ. ಎರಡನೇ ಸಲ, ಫೋನಿನಲ್ಲಿ ಆರ್ಡರ್ ಹಿಡಿಯುವ ಯಮುನಾಗೆ ಯಮುನಾ. ಯಜಮಾನ ವೆಂಕಟಾಚಲ ಅವರ ಸಹನೆ ಅಲ್ಲಿಗೆ ಮುಗಿಯಿತು.

"ನೋಡಮ್ಮಾ ಅಕ್ಷಯಾ, ಇನ್ನೊಂದ್ಸಲ ಯಾರಾದ್ರೂ ನನ್ನದೇ ಹೆಸರು ಬಂತು ಅಂದ್ರೆ ಆಟ ಬಂದ್. ಕ್ಯಾಲೆಂಡರ್ ಡೆಲಿವರಿ ತಲೆ ಮೇಲಿದೆ. ಅದನ್ನೂ ಸ್ಯಾಂಟಾನೇ ಬಂದು ಕೊಡ್ತಾನಾ?"

ಮೂರನೇ ಸಲ ಡಬ್ಬಿ ಹಿಡಿದು ನಿಂತ ಅಕ್ಷಯಾಳ ಮುಖ, ರಿಸಲ್ಟು ಹಾಕುವ ಬೋರ್ಡಿನ ಮುಂದೆ ನಿಂತ ಹುಡುಗಿಯ ಮುಖವಾಗಿತ್ತು. ಚಕ್ರಪಾಣಿ ತನ್ನ ಚೀಟಿಯನ್ನು ಓದಿದ, ಮತ್ತೆ ಮಡಚಿದ, ಜೇಬಿಗೆ ಹಾಕಿಕೊಂಡ. "ಒಳ್ಳೇವ್ರೇ ಸಿಕ್ಕಿದಾರೆ ಬಿಡಮ್ಮಾ" ಅಂದ.

ತನಗೆ ತಾನೇ ಒಂದು ಸಾಮಾನು ತಂದುಕೊಳ್ಳುವುದು ಏನು ಮಹಾ ಎಂದುಕೊಂಡಿದ್ದ. ಗಾಂಧಿಬಜಾರಿನಲ್ಲಿ ಮೂರು ಸಂಜೆ ತಿರುಗಿದ ಮೇಲೆ ಕಷ್ಟ ಗೊತ್ತಾಯಿತು. ನಿನಗೇನಪ್ಪಾ ಇಷ್ಟ ಅಂತ ತನ್ನನ್ನೇ ಕೇಳಿಕೊಂಡರೆ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನನ್ನು ಕೇಳಿದ ಹಾಗೆ ಉತ್ತರವೇ ಬರುತ್ತಿರಲಿಲ್ಲ. ಐವತ್ನಾಲ್ಕು ವರ್ಷ ಒಂದೇ ಚರ್ಮದೊಳಗೆ ಬದುಕಿದ ಮನುಷ್ಯನ ಪರಿಚಯ ಇಷ್ಟೇನಾ ಅನ್ನಿಸಿ ಸ್ವಲ್ಪ ನಾಚಿಕೆಯೂ ಆಯಿತು. ಕೊನೆಗೆ ಒಂದು ಅಂಗಡಿಯ ಗಾಜಿನ ಹಿಂದೆ ಮೌತ್ ಆರ್ಗನ್ ಕಂಡಿತು. ನಾಲ್ಕನೇ ಕ್ಲಾಸಿನಲ್ಲಿ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿದ್ದಾಗ ಡ್ರಾಯಿಂಗ್ ಮೇಷ್ಟ್ರು ಬಂಡೆ ಮೇಲೆ ಕೂತು ಅದನ್ನು ಊದಿದ್ದರು. ಅವತ್ತು ಮನೆಗೆ ಬಂದು ಕೇಳಿದ್ದಕ್ಕೆ ಅಪ್ಪ ಪೆನ್ಸಿಲ್ ಕೊಡಿಸಿದ್ದರು. ಚಕ್ರಪಾಣಿ ಅಂಗಡಿಯೊಳಕ್ಕೆ ಹೋದ.

ಕಾಗದ ಬರೆಯುವಾಗ ತನ್ನ ಅಕ್ಷರ ಗೊತ್ತಾಗದಿರಲಿ ಅಂತ ಎಡಗೈಯಲ್ಲಿ ಬರೆದ. ನಿಧಾನವಾಗಿ ಬರೆದದ್ದರಿಂದ ಅಕ್ಷರ ಮುತ್ತಿನ ಹಾಗೆ ದುಂಡಗೆ ಬಂತು. "ಇಷ್ಟು ವರ್ಷದಲ್ಲಿ ನಿಮಗೇನು ಇಷ್ಟ ಅಂತ ಯಾರೂ ಕೇಳಲಿಲ್ಲ, ಅಲ್ಲವೇ? ನಾನು ಕೇಳಿದೆ."

ಇಪ್ಪತ್ತೈದಕ್ಕೆ ನೆಂಟರ ಮನೆಯ ನಾಮಕರಣವಿತ್ತು. ಹಾಗಾಗಿ ಪೊಟ್ಟಣ ಬಿಚ್ಚಿದ್ದು ಇಪ್ಪತ್ತಾರರ ಬೆಳಗ್ಗೆ, ಬಸವನಗುಡಿಯ ಮನೆಯಲ್ಲಿ, ಕಾಫಿಯ ಜೊತೆಗೆ. ಬಿಚ್ಚಿದವಳು ಹೆಂಡತಿ ಗೋದಾ.

"ಏನ್ರೀ ಇದು? ಊದೋದಾ?"

"ಹೂಂ. ಮೌತ್ ಆರ್ಗನ್."

"ನಿಮಗಿದು ಇಷ್ಟವಾ?"

"ಇಷ್ಟ ಅಂದ್ರೆ... ಚಿಕ್ಕವನಾಗಿದ್ದಾಗಿಂದ ಸ್ವಲ್ಪ ಇತ್ತು."

ಗೋದಾ ಕಾಗದ ಓದಿದಳು. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದಿದಳು.

"ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು. ನನಗೆ ಗೊತ್ತಿಲ್ಲ. ಅವಳಿಗೆ ಹೇಗ್ರೀ ಗೊತ್ತಾಯ್ತು?"

"ಅವಳು ಅಂತ ಯಾಕಂತೀಯಾ? ಗಂಡಸೂ ಆಗಿರಬಹುದಲ್ಲ."

"ಈ ಅಕ್ಷರ ಗಂಡಸರದ್ದಾ? ನಾನು ಏಳನೇ ಕ್ಲಾಸಲ್ಲಿ ಕಾಪಿ ರೈಟಿಂಗಿಗೆ ಪ್ರೈಜ್ ತಗೊಂಡವಳು, ನನಗೇ ಹೇಳ್ತೀರಾ?"

ಅವಳು ಕೂಗಾಡಿದ್ದರೆ ಚಕ್ರಪಾಣಿ ತಡೆದುಕೊಳ್ಳುತ್ತಿದ್ದ. ಅವಳು ಉಪ್ಪಿಟ್ಟಿನ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದಳು. ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದ. ನನಗೆ ನಾನೇ ಕೊಟ್ಟುಕೊಂಡೆ ಎಂಬ ಮಾತು ಗಂಟಲವರೆಗೆ ಬಂದು, ಸ್ಟಾಪಿನಲ್ಲಿ ನಿಲ್ಲಿಸದೆ ಹೋಗುವ ಬಸ್ಸಿನ ಹಾಗೆ ಮುಂದಕ್ಕೆ ಹೋಗಿಬಿಟ್ಟಿತು. ಹಾಗೆ ಹೇಳುವ ಗಂಡಸು ಎಷ್ಟು ಪಾಪದವನಾಗಿ ಕಾಣುತ್ತಾನೆ!

"ಸಂಜೆ ನಾಲ್ಕಕ್ಕೆ ನಾನೂ ಬರ್ತೀನಿ. ಕೊಟ್ಟವರಿಗೆ ಒಂದು ಥ್ಯಾಂಕ್ಸ್ ಹೇಳ್ಬೇಡ್ವಾ?" ಅಂದಳು ಗೋದಾ. ದನಿ ಬಹಳ ಮೃದುವಾಗಿತ್ತು. ಚಕ್ರಪಾಣಿಗೆ ಬೆವರು ಬಂತು.

ಅಂಗಡಿಗೆ ಹೋದವನೇ ಮಾಯಣ್ಣನನ್ನು ಪೇಪರ್ ರೀಮುಗಳ ಹಿಂದಕ್ಕೆ ಕರೆದ.

"ಮಾಯಣ್ಣಾ, ಒಂದು ಉಪಕಾರ ಮಾಡು. ನನಗೆ ಬಂದಿರೋ ಮೌತ್ ಆರ್ಗನ್ ನೀನೇ ಕೊಟ್ಟಿದ್ದು ಅಂತ ಸಂಜೆ ಹೇಳ್ಬಿಡು."

"ಮತ್ತೆ ನಿಜವಾಗ್ಲೂ ಕೊಟ್ಟಿದ್ಯಾರು ಸಾರ್?"

"ಅದನ್ನ ಕೇಳ್ಬೇಡ."

ಮಾಯಣ್ಣ ಒಂದು ಕಣ್ಣು ಮಿಟುಕಿಸಿದ. "ಅರ್ಥ ಆಯ್ತು ಬಿಡಿ ಸಾರ್. ನೀವೂ ಮನುಷ್ಯರೇ. ಈ ಸಂಡೇ ನನ್ನ ಡ್ಯೂಟಿ ನೀವು ಮಾಡಿ, ನಾನು ಬೆಟ್ಟ ಬೇಕಾದ್ರೂ ಕೊಟ್ಟೆ ಅಂತೀನಿ."

ಚಕ್ರಪಾಣಿ ಒಪ್ಪಿಕೊಂಡ. ಮಾಡದ ತಪ್ಪನ್ನು ಮುಚ್ಚಲು ಭಾನುವಾರ ಕೊಟ್ಟ ಮೊದಲ ಮನುಷ್ಯ ತಾನೇ ಇರಬೇಕು ಅನ್ನಿಸಿತು.

ಊಟದ ಹೊತ್ತಿಗೆ ಯಮುನಾ ಟಿಫನ್ ಕ್ಯಾರಿಯರ್ ಕುಕ್ಕಿದಳು. "ಚಕ್ರಪಾಣಿಯವರೇ, ನಿಮ್ಮನೆಯವರು ಫೋನ್ ಮಾಡಿದ್ರು. 'ನಮ್ಮನೆಯವರ ಇಷ್ಟಾನಿಷ್ಟ ಎಲ್ಲಾ ನಿಮಗೆ ಚೆನ್ನಾಗಿ ಗೊತ್ತಂತೆ' ಅಂತ ಕೇಳಿದ್ರು. ನನಗೆ ನಿಮ್ಮ ಇನಿಶಿಯಲ್ಲೇ ಗೊತ್ತಿಲ್ಲ! ನಾನು ಯಜಮಾನ್ರಿಗೆ ಮಫ್ಲರ್ ಕೊಟ್ಟಿದ್ದು, ಬಿಲ್ ಇದೆ."

"ಅಯ್ಯೋ, ನೀವಲ್ಲ ಅಂತ ಗೊತ್ತು."

"ಹಾಗಾದ್ರೆ ಉಳಿದಿದ್ದು ಅಕ್ಷಯಾ. ಛೆ, ನಿಮ್ಮ ಮಗಳ ವಯಸ್ಸು!"

"ಇಲ್ಲಮ್ಮಾ, ಮಾಯಣ್ಣ! ಮಾಯಣ್ಣ ಕೊಟ್ಟಿದ್ದು!"

"ಮಾಯಣ್ಣನಾ? ಅವನ ಅಕ್ಷರ ಕೋಳಿ ಕೆರೆದಂಗಿರತ್ತೆ. ಅದು ದುಂಡಗಿದೆ ಅಂದ್ರಲ್ಲ ನಿಮ್ಮನೆಯವರು."

"ಎಡಗೈಲಿ ಬರೆದಿದ್ದು."

"ನಿಮಗೆ ಹೇಗೆ ಗೊತ್ತು?"

ಚಕ್ರಪಾಣಿ ಬಾಯಿಗೆ ದೊಡ್ಡ ತುತ್ತು ತುರುಕಿಕೊಂಡ. ತುಂಬಿದ ಬಾಯಿಯನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ಗೋದಾ ಬಂದಳು. ರೇಷ್ಮೆ ಸೀರೆ, ಕೈಯಲ್ಲಿ ಕೋಡುಬಳೆ ಡಬ್ಬಿ. "ಯಾರಿಗೇನು ಬಂತು ಅಂತ ಹೇಳ್ಕೊಳ್ತಾರಂತೆ, ಕೇಳೋಣ ಅಂತ ಬಂದೆ" ಅಂದಳು. ವೆಂಕಟಾಚಲ ತಾವೇ ಎದ್ದು ಕುರ್ಚಿ ಕೊಟ್ಟರು. ಅವರ ಕುತ್ತಿಗೆಯಲ್ಲಿ ಮಫ್ಲರ್ ಇತ್ತು. ಮಧ್ಯಾಹ್ನದಿಂದ ಯಮುನಾ ಅದರ ಬಿಲ್ಲನ್ನು ಎಲ್ಲರಿಗೂ ತೋರಿಸಿದ್ದರಿಂದ ಕೊಟ್ಟವರನ್ನು ಪತ್ತೆ ಹಚ್ಚುವ ಕೆಲಸವೇನೂ ಉಳಿದಿರಲಿಲ್ಲ.

ಯಮುನಾಗೆ ಕಾರ್ಡ್ ತುಂಡುಗಳಿಂದ ಮಾಡಿದ ನಕ್ಷತ್ರದ ದೀಪ ಬಂದಿತ್ತು. ಅಷ್ಟು ನಾಜೂಕು ಕೈ ಅಕ್ಷಯಾಳದ್ದೇ ಅಂತ ಎಲ್ಲರೂ ಒಟ್ಟಿಗೆ ಕೂಗಿದರು. ಮಾಯಣ್ಣನಿಗೆ ಬಂದಿದ್ದು ಇದೇ ಅಂಗಡಿಯ ಕ್ಯಾಲೆಂಡರು.

"ಅಚ್ಚು ಹಾಕಿದ್ದೂ ನಾನೇ, ಕಟ್ ಮಾಡಿದ್ದೂ ನಾನೇ" ಅಂತ ಅವನು ಅದನ್ನು ಬಿಡಿಸಿ ತೋರಿಸಿದ. "ಕಾಗದ ಓದ್ತೀನಿ ಕೇಳಿ. 'ಸಮಯ ಅಮೂಲ್ಯ. ಒಂಬತ್ತೂವರೆಗೆ ಬರುವುದು.' ಯಾರು ಬರೆದಿರಬಹುದು ಸಾರ್?"

ವೆಂಕಟಾಚಲ ಮಫ್ಲರಿನೊಳಗೆ ಕೆಮ್ಮಿದರು.

ಚಕ್ರಪಾಣಿ ಮೌತ್ ಆರ್ಗನ್ ಮೇಜಿನ ಮೇಲಿಟ್ಟ. ಇಟ್ಟ ಸದ್ದು ನಿಲ್ಲುವ ಮೊದಲೇ ಮಾಯಣ್ಣ ಎದ್ದು, "ನಾನೇ! ಅದು ಕೊಟ್ಟಿದ್ದು ನಾನೇ!" ಅಂದ.

ಗೋದಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಸಂತೋಷ. ಇವರಿಗಿದು ಇಷ್ಟ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಈ ಪ್ರಶ್ನೆಗೆ ಯಾರೂ ತಯಾರಿ ಮಾಡಿರಲಿಲ್ಲ. "ಅದೇ ಅಮ್ಮಾವ್ರೇ... ಸಾರ್ ಮಿಷಿನ್ ಪಕ್ಕ ನಿಂತ್ಕೊಂಡು ಯಾವಾಗ್ಲೂ ಊದ್ತಿರ್ತಾರೆ."

"ಏನನ್ನ?"

"ಟೀನ. ಆ ಊದೋ ಸ್ಟೈಲ್ ನೋಡಿದಾಗ್ಲೇ ಅಂದ್ಕೊಂಡೆ, ಇವರೊಳಗೆ ಒಬ್ಬ ಕಲಾವಿದ ಇದಾನೆ ಅಂತ."

ಗೋದಾಳ ಮುಖದಲ್ಲಿ ಬೆಳಗಿನಿಂದ ಕಟ್ಟಿಕೊಂಡಿದ್ದ ಗಂಟು ನಿಧಾನವಾಗಿ ಸಡಿಲವಾಯಿತು. "ಪುಣ್ಯಾತ್ಮ!" ಅಂದು ಕೋಡುಬಳೆ ಡಬ್ಬಿಯನ್ನೇ ಅವನ ಮುಂದೆ ಹಿಡಿದಳು. ಚಕ್ರಪಾಣಿ ಬೆಳಗ್ಗೆ ಎಳೆದುಕೊಂಡಿದ್ದ ಉಸಿರನ್ನು ಈಗ ಬಿಟ್ಟ.

"ನಂದು ಬಾಕಿ ಇದೆ" ಅಂದಳು ಅಕ್ಷಯಾ. "ನನಗೆ ಸ್ಟೀಲ್ ಡಬ್ಬಿ ಬಂದಿದೆ. ತುಂಬಾ ಚೆನ್ನಾಗಿದೆ. ಆದ್ರೆ ತಳದಲ್ಲಿ ಏನೋ ಹೆಸರು ಕೊರೆದಿದಾರೆ. 'ತಿಮ್ಮಕ್ಕ ಮರಿಯಣ್ಣ, ಗೃಹಪ್ರವೇಶದ ನೆನಪಿಗಾಗಿ.' ಯಾರಿವರು?"

"ಮರಿಯಣ್ಣನಾ?" ವೆಂಕಟಾಚಲ ನೆಟ್ಟಗೆ ಕೂತರು. "ನಿನ್ನ ಭಾವ ಅಲ್ವೇನಯ್ಯಾ ಮಾಯಣ್ಣ? ಆ ಗೃಹಪ್ರವೇಶದ ಕಾರ್ಡ್ ನಾವೇ ಹಾಕಿದ್ದು. ಹೋದವರಿಗೆಲ್ಲ ಈ ಡಬ್ಬಿ ಕೊಟ್ರು. ನನಗೂ ಒಂದು ಬಂದಿದೆ!"

ಮಾಯಣ್ಣನ ಬಾಯಲ್ಲಿ ಕೋಡುಬಳೆ ಕಟುಕ್ ಅಂತು. ಆಮೇಲೆ ಅವನು ಅಗಿಯಲಿಲ್ಲ.

ಗೋದಾ ಬೆರಳು ಮಡಚಿದಳು. "ಮಫ್ಲರ್ ಯಮುನಾ ಕೊಟ್ರು. ದೀಪ ಅಕ್ಷಯಾ. ಕ್ಯಾಲೆಂಡರ್ ಯಜಮಾನ್ರು. ಡಬ್ಬಿ ಇವರು. ನಾಲ್ಕು ಜನ, ನಾಲ್ಕು ಉಡುಗೊರೆ, ಲೆಕ್ಕ ಸರಿಹೋಯ್ತು." ಹೆಬ್ಬೆರಳು ಒಂದೇ ಎದ್ದು ನಿಂತಿತ್ತು. "ಐದನೇದು ಯಾರದು?"

ಚಕ್ರಪಾಣಿ ಮೌತ್ ಆರ್ಗನ್ನನ್ನು ತನ್ನ ಕಡೆಗೆ ಎಳೆದುಕೊಂಡ.

"ನಂದೇ ಗೋದಾ" ಅಂದ ಚಕ್ರಪಾಣಿ. "ಚೀಟಿಲಿ ನನ್ನ ಹೆಸರೇ ಬಂದಿತ್ತು. ಹೇಳಿದ್ರೆ ಯಜಮಾನ್ರು ಆಟ ನಿಲ್ಲಿಸ್ತಿದ್ರು, ಈ ಮಗು ಸಪ್ಪಗಾಗ್ತಿತ್ತು. ಅದಕ್ಕೆ ನಾನೇ ತಂದು, ನಾನೇ ಸುತ್ತಿ, ನನಗೇ ಕೊಟ್ಕೊಂಡೆ."

"ಸರ್..." ಅಂದಳು ಅಕ್ಷಯಾ. ಅವಳ ಕಣ್ಣು ತುಂಬಿಬಂತು. ಯಮುನಾ ಸೆರಗಿನಿಂದ ಮೂಗು ಒರೆಸಿಕೊಂಡು, "ಎಂಥಾ ಮನಸ್ಸು ನಿಮ್ಮದು" ಅಂದಳು. ಹೇಳುವುದು ಇಷ್ಟು ಸುಲಭವೇ ಅಂತ ಚಕ್ರಪಾಣಿಗೆ ಆಶ್ಚರ್ಯವಾಯಿತು. ಹಗುರಾಗಿ ಒಂದು ಕೋಡುಬಳೆಗೆ ಕೈ ಚಾಚಿದ.

ಗೋದಾ ಡಬ್ಬಿಯ ಮುಚ್ಚಳ ಹಾಕಿದಳು.

"ಕಾಗದ?"

"ಅದೂ ನಾನೇ. ಎರಡು ಸಾಲು ಬರೀಲೇಬೇಕು ಅಂತ ಅಕ್ಷಯಾ ಅಂದಿದ್ಲು."

"ಯಾರೂ ಕೇಳಲಿಲ್ಲ ಅಂತ?"

ಚಕ್ರಪಾಣಿಯ ಕೈ ಮುಚ್ಚಳದ ಮೇಲೇ ನಿಂತಿತು.

"ಬೆಳಗ್ಗೆಯಿಂದ ಯಾವಳೋ ಬರೆದಿದಾಳೆ ಅಂತ ಕುದೀತಿದ್ದೆ" ಅಂದಳು ಗೋದಾ. "ಅದೇ ವಾಸಿಯಿತ್ತು ಕಣ್ರೀ. ಯಾವಳೋ ಆಗಿದ್ರೆ ಅವಳ ಹತ್ರ ಜಗಳ ಆಡಿ ಮನೆಗೆ ಹೋಗಿ ಅನ್ನಕ್ಕಿಡ್ತಿದ್ದೆ. ನೀವೇ ಬರೆದಿದ್ದು ಅಂದ್ರೆ ಈ ಕಾಗದ ನಿಮಗೆ ಬರೆದಿದ್ದಲ್ಲ. ನನಗೆ ಬರೆದಿದ್ದು."

ಈಗ ಎಲ್ಲರ ಕಣ್ಣೂ ಅವನ ಕಡೆ ತಿರುಗಿತು. ಎಂಥಾ ಮನಸ್ಸು ಅಂದಿದ್ದ ಯಮುನಾಳ ತುಟಿ ಬಿಗಿಯಿತು. ಐದು ನಿಮಿಷದ ಹಿಂದೆ ಅವನ ಮೇಲೆ ಬರೀ ಅನುಮಾನವಿತ್ತು. ಈಗ ಸಾಕ್ಷಿಯೂ ಇತ್ತು, ಅವನದೇ ಎಡಗೈಯದ್ದು.

"ಇಗೋ ಕೂತೆ. ನುಡಿಸಿ. ಕೇಳ್ತೀನಿ" ಅಂದಳು ಗೋದಾ.

"ನನಗೆ ಬರಲ್ವೇ ಗೋದಾ."

"ಬಂದಷ್ಟು ನುಡಿಸಿ."

ಚಕ್ರಪಾಣಿ ಊದಿದ. ಬಾಗಿಲ ಸಂದಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನಂಥ ಒಂದು ಸ್ವರ ಹೊರಟಿತು. ಮಾಯಣ್ಣ ಅಭ್ಯಾಸಬಲದಿಂದ ಎಣ್ಣೆ ಕ್ಯಾನಿಗೆ ಕೈ ಹಾಕಿದ.

"ಇದನ್ನ ಕೇಳಲಿಲ್ಲ ಅಂತಲಾ ಇಷ್ಟು ವರ್ಷ ಮನಸ್ಸಲ್ಲಿಟ್ಕೊಂಡಿದ್ರಿ?" ಅಂದಳು ಗೋದಾ. ಮೊದಲು ನಕ್ಕವಳೂ ಅವಳೇ. ಯಜಮಾನರು ನಕ್ಕರು, ಅಕ್ಷಯಾ ನಕ್ಕಳು, ಯಮುನಾಳ ತುಟಿಯೂ ಸಡಿಲವಾಯಿತು. ಗೋದಾ ಕಣ್ಣೊರೆಸಿಕೊಂಡು ಮುಚ್ಚಳ ತೆಗೆದು ಕೋಡುಬಳೆ ಕೊಟ್ಟಳು. ಬದುಕಿದೆ ಅಂದುಕೊಂಡ ಚಕ್ರಪಾಣಿ.

ಆಗ ಅವಳು ಜಗಳವೇನೂ ಇಲ್ಲದ ದನಿಯಲ್ಲಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. "ಅದಿರ್ಲಿ. ನನಗೇನು ಇಷ್ಟ? ಹೇಳಿ ನೋಡೋಣ."

ಸೀರೆ ಅನ್ನೋಣವೆಂದುಕೊಂಡ. ತಂದ ಸೀರೆಗಳನ್ನೆಲ್ಲ ಅವಳು ಮಡಚಿ ಬೀರುವಿನಲ್ಲಿ ಇಟ್ಟುಬಿಡುತ್ತಿದ್ದಳು. ಮಲ್ಲಿಗೆ ಹೂವು ಅನ್ನೋಣವೆಂದುಕೊಂಡ. ಅದನ್ನು ಅವಳು ಮುಡಿದುಕೊಳ್ಳುತ್ತಿದ್ದಳೋ, ದೇವರಿಗೆ ಏರಿಸುತ್ತಿದ್ದಳೋ ನೆನಪಾಗಲಿಲ್ಲ. ಅಡುಗೆಯಲ್ಲಿ ಹುಡುಕಿದ. ಅಲ್ಲಿ ಸಿಕ್ಕಿದ್ದೆಲ್ಲ ಅವನಿಗೆ ಇಷ್ಟವಾದದ್ದೇ.

ಐದು ಜನ ಅವನ ಬಾಯನ್ನೇ ನೋಡುತ್ತಾ ಕಾಯುತ್ತಿದ್ದರು.

ಬೇರೆ ದಾರಿ ಕಾಣದೆ ಚಕ್ರಪಾಣಿ ಮೌತ್ ಆರ್ಗನ್ ತುಟಿಗಿಟ್ಟುಕೊಂಡು ಇನ್ನೊಮ್ಮೆ ಊದಿದ.