ಬೊಳ್ಳುವಿನ ದವಡೆ ಹಲ್ಲು

ಬೆಳಗ್ಗೆ ಎದ್ದು ದೇವರಿಗೆ ಕೈಮುಗಿಯುವ ಮೊದಲು ನಾಯಿಯ ಬಾಯಿ ಮೂಸಿ ನೋಡುವವರು ಇಡೀ ಕಾಪು ಪೇಟೆಯಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಅತ್ತೆ, ಅಪ್ಪನ ಅಕ್ಕ. ವಾಸನೆ ಇಲ್ಲವೆಂದಾದರೆ ಆ ದಿನ ಅವರ ಹೊಲಿಗೆ ಅಂಗಡಿ ಹೊತ್ತಿಗೆ ಸರಿಯಾಗಿ ತೆರೆಯುತ್ತದೆ. ಸ್ವಲ್ಪ ಅನುಮಾನ ಬಂದರೂ ಸಾಕು, ಮದುಮಗಳ ರವಿಕೆಯೇ ಆದರೂ ಕಾಯಬೇಕು.

ನಾಯಿಯ ಹೆಸರು ಬೊಳ್ಳು. ಬಿಳಿ ಬಣ್ಣದ ಊರುನಾಯಿ, ಈಗ ಮುದುಕ. ಹೊಲಿಗೆ ಮೆಷಿನಿನ ಕೆಳಗೆ ಅತ್ತೆಯ ಕಾಲಿನ ಪಕ್ಕದಲ್ಲೇ ಅವನ ವಾಸ. ಒಮ್ಮೆ ಲಸಿಕೆ ಹಾಕಿಸಲು ಹೋದಾಗ ಉಡುಪಿಯ ಪಶುವೈದ್ಯೆ, "ನಾಯಿಗಳಿಗೂ ಹಲ್ಲಿನ ಕಾಯಿಲೆ ಬರ್ತದೆ ಅಮ್ಮಾ. ದಿನಾ ಉಜ್ಜಿದರೆ ಒಳ್ಳೆಯದು. ನಿಮ್ಮ ಪೇಸ್ಟ್ ಮಾತ್ರ ಹಾಕಬೇಡಿ" ಎಂದಿದ್ದರು. ಬೇರೆಯವರಾದರೆ ತಲೆಯಾಡಿಸಿ ಮರೆತುಬಿಡುತ್ತಿದ್ದರು. ನಮ್ಮತ್ತೆಯೋ, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂಬ ಸಂಶಯದಲ್ಲಿ ಪಡುಬಿದ್ರಿಯ ತನಕ ಹೋದ ಬಸ್ಸಿನಿಂದಿಳಿದು ವಾಪಸು ಬಂದವರು. ಮರೆಯುವುದುಂಟೇ?

ಅಂದಿನಿಂದ ರವಿಕೆಯ ಲೈನಿಂಗ್ ಬಟ್ಟೆಯ ಚೂರನ್ನು ಬೆರಳಿಗೆ ಸುತ್ತಿಕೊಂಡು ಹಲ್ಲುಜ್ಜುವ ಕಾರ್ಯಕ್ರಮ ಶುರುವಾಯಿತು. ನಾಯಿಗಳ ಪೇಸ್ಟಿಗೆ ಕೋಳಿಯ ಪರಿಮಳ. ಶನಿವಾರ ಮೀನನ್ನೂ ಮುಟ್ಟದ ಅತ್ತೆ ಅದನ್ನು ಮುಟ್ಟುವುದು ಹೇಗೆ? ಹಾಗಾಗಿ ಶನಿವಾರ ಬೊಳ್ಳುವಿಗೆ ಬರೀ ನೀರು.

"ಅದರಲ್ಲಿ ನಿಜವಾದ ಕೋಳಿ ಇರ್ಲಿಕ್ಕಿಲ್ಲ ಅತ್ತೆ" ಎಂದೆ.

"ಇಲ್ಲ ಅಂತ ನೀನು ನೋಡಿದ್ದೀಯಾ?"

ಇಷ್ಟು ಸಾಲದೆಂದು ಕಾರ್ಕಳದ ಅವರ ಗೆಳತಿಯೊಬ್ಬರು ಫೋನಿನಲ್ಲಿ ಇನ್ನೊಂದು ಸಲಹೆ ಕೊಟ್ಟರು. ಗಟ್ಟಿ ಎಲುಬು ಕಡಿಯಲು ಕೊಟ್ಟರೆ ಹಲ್ಲು ತನ್ನಿಂದ ತಾನೇ ಹೊಳೆಯುತ್ತದಂತೆ. ಮಾಂಸದಂಗಡಿಯತ್ತ ಮುಖ ಹಾಕದಿದ್ದ ಅತ್ತೆ ಚೀಲ ಹಿಡಿದು ಎಲುಬಿಗೆ ನಿಂತರು. ಬೊಳ್ಳುವಿಗೆ ಹಬ್ಬ.

ಒಂದು ಮಧ್ಯಾಹ್ನ ಮಣಿಪಾಲದ ನನ್ನ ಆಫೀಸಿಗೆ ಅವರ ಫೋನು ಬಂತು. ಸ್ವರ ನಡುಗುತ್ತಿತ್ತು. ಯಾರಿಗೋ ಏನೋ ಆಗಿದೆ ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಬೊಳ್ಳು ಒಂದೇ ಬದಿಯಲ್ಲಿ ಜಗಿಯುತ್ತಾನೆ ಮಾರಾಯ್ತಿ."

"ಅಷ್ಟೇನಾ? ನಾಯಿಗಳು ಹಾಗೇ ತಿನ್ನುವುದಲ್ವಾ?"

"ಅಲ್ಲ. ಅವನಿಗೆ ನೋವುಂಟು. ನನಗೆ ಗೊತ್ತಾಗ್ತದೆ."

ಸಂಜೆ ನನ್ನ ಕಾರಿನಲ್ಲಿ ಉಡುಪಿಗೆ ಹೊರಟೆವು. ಹೆದ್ದಾರಿಯುದ್ದಕ್ಕೂ ಅತ್ತೆ ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, "ಗುಂಡಿಗೆ ಹಾಕ್ಬೇಡ, ಹಲ್ಲಿಗೆ ಪೆಟ್ಟಾಗ್ತದೆ" ಎನ್ನುತ್ತಿದ್ದರು.

ಡಾಕ್ಟರು ತುಟಿ ಎತ್ತಿ ನೋಡಿ, "ಈ ಪ್ರಾಯದಲ್ಲಿ ಇಷ್ಟು ಕ್ಲೀನ್ ಹಲ್ಲು ನಾನು ನೋಡಿದ್ದೇ ಕಡಿಮೆ" ಎಂದರು. ಅತ್ತೆ ಹಿಗ್ಗುವಷ್ಟರಲ್ಲಿ ಡಾಕ್ಟರ ಬೆರಳು ಬಲಬದಿಯ ದವಡೆ ಹಲ್ಲಿನ ಮೇಲೆ ನಿಂತಿತು. ಹಲ್ಲು ಸೀಳಿಹೋಗಿತ್ತು. ಒಳಗೆ ಕೀವಾಗಿತ್ತು.

"ಗಟ್ಟಿ ಎಲುಬು ಎಂತಾದರೂ ಕೊಡ್ತಿದ್ರಾ?"

ಅತ್ತೆ ಮೇಜಿನ ಅಂಚು ಹಿಡಿದುಕೊಂಡರು, ಅಷ್ಟೆ.

ಹಲ್ಲು ಕೀಳಬೇಕು, ಅದಕ್ಕೆ ಅರಿವಳಿಕೆ ಕೊಡಬೇಕು, ಅದಕ್ಕೂ ಮೊದಲು ರಕ್ತ ಪರೀಕ್ಷೆ, ಎಕ್ಸ್-ರೇ. ಖರ್ಚು ಕೇಳಿ ನಾನು ಬೆಚ್ಚಿದೆ. ನನ್ನ ಹಲ್ಲಿಗೇ ಅಷ್ಟು ಸುರಿದವಳಲ್ಲ ನಾನು. ಅಂಗಡಿಗೆ ಹೊಸ ಮೆಷಿನ್ ಕೊಳ್ಳಲು ಅತ್ತೆ ಕೂಡಿಟ್ಟದ್ದು ಇದಕ್ಕೇ ಮುಗಿಯುತ್ತಿತ್ತು. ಆದರೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಎಚ್ಚರ ಆಗ್ತದಲ್ಲ?"

"ಮುದಿ ನಾಯಿ ಅಮ್ಮಾ. ಸ್ವಲ್ಪ ಅಪಾಯ ಉಂಟು. ನಾವು ಜಾಗ್ರತೆ ಮಾಡ್ತೇವೆ."

ರಕ್ತ ಪರೀಕ್ಷೆಯ ವರದಿ ಚೆನ್ನಾಗಿಯೇ ಬಂತು. ಶಸ್ತ್ರಚಿಕಿತ್ಸೆಯ ದಿನ ಬೊಳ್ಳು ಖಾಲಿ ಹೊಟ್ಟೆಯಲ್ಲಿರಬೇಕಿತ್ತು. ಅತ್ತೆಯೂ ಏನೂ ತಿನ್ನಲಿಲ್ಲ. ಅವನನ್ನು ಒಳಗೆ ಒಯ್ದು ಬಾಗಿಲು ಹಾಕಿದ ಮೇಲೆ ಹೊರಗಿನ ಬೆಂಚಿನಲ್ಲಿ ಕುಳಿತು, ಒಳಗಿನಿಂದ ಸದ್ದು ಬಂದರೆ "ಅದೆಂತ ಶಬ್ದ?" ಎಂದು ಹೆದರಿದರು. ಸದ್ದು ನಿಂತರೆ "ಶಬ್ದ ಯಾಕೆ ಇಲ್ಲ?" ಎಂದು ಇನ್ನೂ ಹೆದರಿದರು. ಪಕ್ಕದಲ್ಲಿ ಬೆಕ್ಕಿನ ಬುಟ್ಟಿ ಹಿಡಿದು ಕುಳಿತಿದ್ದ ಒಬ್ಬರು ಆ ಹೆದರಿಕೆ ತಮಗೂ ಅಂಟೀತೆಂದು ಮೆಲ್ಲನೆ ಎದ್ದು ದೂರ ಹೋದರು. ನಾನು ಧೈರ್ಯ ಹೇಳುತ್ತಿದ್ದೆ, ಆದರೆ ನನ್ನ ಕಣ್ಣೂ ಆ ಬಾಗಿಲಿನ ಮೇಲೆಯೇ ಇತ್ತು.

ಕೊನೆಗೆ ಡಾಕ್ಟರು ಹೊರಗೆ ಬಂದು, "ಹಲ್ಲು ಕಿತ್ತಾಯ್ತು. ಉಸಿರಾಟ ಚೆನ್ನಾಗುಂಟು. ಇನ್ನು ಏಳ್ಬೇಕಷ್ಟೆ" ಎಂದರು.

ಅತ್ತೆ ಬೆಳಗ್ಗಿನಿಂದ ಉಪವಾಸ. ಎದುರಿನ ಹೋಟೆಲಿನಿಂದ ಚಹಾ ಮತ್ತು ಬಾಳೆಹಣ್ಣಿನ ಬನ್ಸ್ ತಂದು ಒತ್ತಾಯ ಮಾಡಿದೆ. ಬನ್ಸನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟರು. ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಎಡಬದಿಯಲ್ಲೇ ನಿಧಾನವಾಗಿ ಜಗಿದರು. ಇನ್ನೊಂದು ಚೂರು. ಅದೂ ಎಡಕ್ಕೆ.

ನಾನು ನೋಡುತ್ತಲೇ ಇದ್ದೆ.

"ಅತ್ತೆ, ನಿಮಗೂ ಹಲ್ಲು ನೋವುಂಟಾ?"

"ಸ್ವಲ್ಪ."

"ಯಾವಾಗಿಂದ?"

"ಮಳೆಗಾಲದಿಂದ. ಮಲಗಿದರೆ ಜಾಸ್ತಿ ಆಗ್ತದೆ."

ಈಗ ಬೇಸಿಗೆಯೇ ಶುರುವಾಗಿತ್ತು. "ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಸಿಟ್ಟಿನಲ್ಲಿ ನನ್ನ ಸ್ವರ ಏರಿತು.

"ನನಗೆ ಬಾಯಿ ಉಂಟಲ್ಲ, ಯಾವಾಗ ಬೇಕಾದರೂ ಹೇಳ್ಬಹುದು" ಎಂದರು ಅತ್ತೆ. "ಅವನಿಗೆ ಹೇಳ್ಲಿಕ್ಕೆ ಬರ್ತದಾ?"

ಅಷ್ಟರಲ್ಲಿ ಒಳಗಿನಿಂದ ಕರೆದರು. ಬೊಳ್ಳು ಕಣ್ಣು ತೆರೆದಿದ್ದ. ತೂರಾಡುತ್ತಾ ಏಳಲು ಹೋಗಿ ಬಿದ್ದು, ಅತ್ತೆಯ ಸೀರೆಯ ನೆರಿಗೆಗೆ ಮೂಗು ತೂರಿಸಿದ. ಅತ್ತೆ ನೆಲದ ಮೇಲೆಯೇ ಕುಳಿತುಬಿಟ್ಟರು.

ಮರುವಾರ ಮಣಿಪಾಲದಲ್ಲಿ ಒಬ್ಬ ಹಲ್ಲಿನ ಡಾಕ್ಟರ ಬಳಿ ಅತ್ತೆಯನ್ನು ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಒರಗಿಸಿ ದೀಪ ಹಾಕಿದಾಗ ಅವರು ನನ್ನ ಕೈ ಹುಡುಕಿದರು. ದಿನವಿಡೀ ಸೂಜಿ ಹಿಡಿಯುವ ಬೆರಳುಗಳು ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡವು.

"ನೀವು ಹೊರಗೆ ಕೂತುಕೊಳ್ಳಬಹುದು" ಎಂದರು ಡಾಕ್ಟರು ನನಗೆ.

"ಇಲ್ಲೇ ಇರ್ತೇನೆ" ಎಂದೆ.