ಕ್ಲೀನರ್ ಸೀಟು

ನನ್ನ ಕೈಲಿ ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ಭಾವ. ನಮ್ಮೂರು ಕೊಹಿನೂರಿನ ಮನೆಯ ಕಟ್ಟೆಯ ಮೇಲೆ ಕುಳಿತು, ಎಲೆಗೆ ಸುಣ್ಣ ಹಚ್ಚುತ್ತ, ನನ್ನ ಮುಖ ನೋಡದೇ ಹೇಳಿದ್ದರು: "ಹೆಣ್ಮಕ್ಕಳು ಹೈವೇ ಮ್ಯಾಲ ಖಾನಾವಳಿ ನಡಸ್ತಾರಂತ." ಹುಮನಾಬಾದಿನ ಹೈವೇ ಮೇಲೆ ಖಾನಾವಳಿ ನಡೆಯಿತು. ಆಮೇಲೆ ಅಂಗಳಕ್ಕೆ ಬಂದು ನಿಲ್ಲುವ ಲಾರಿಗಳ ಹಿಂದೆ ಬರೆದದ್ದನ್ನು ನೋಡಿ ನೋಡಿ ಅಕ್ಷರ ಕಲಿತೆ. "ಈ ವಯಸ್ಸಿನ್ಯಾಗ ಓದಿ ತಹಶೀಲ್ದಾರ್ ಆಗ್ತಾಳೇನು" ಎಂದರು. ತಹಶೀಲ್ದಾರ್ ಆಗಲಿಲ್ಲ. ಆದರೆ ಈಗ ಪೇಪರು, ಕೈಗೆ ಸಿಕ್ಕ ಪುಸ್ತಕ, ಎಲ್ಲ ಓದುತ್ತೇನೆ. ಕಡೆಗೆ ಒಂದು ಹಳೆಯ ಶಾಲಾ ವ್ಯಾನು ಕೊಂಡು, ಮಿಸ್ತ್ರಿಯನ್ನು ಹಿಡಿದು ಅದರೊಳಗೆ ಮಂಚ, ಒಲೆ, ನೀರಿನ ಡ್ರಮ್ಮು ಕೂರಿಸಿ ಮನೆ ಮಾಡಿಸಿದಾಗ ಭಾವ ಎಲೆ ಅಗಿಯುವುದನ್ನು ನಿಲ್ಲಿಸಿದರು, ಅಷ್ಟೆ.

ಗಾಲಿಯ ಮೇಲೆ ಮನೆ ಇದ್ದವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ದಾರಿಯಲ್ಲಿ ನಿಂತು ಕೈ ಮಾಡುತ್ತವೆ.

ಆದರೆ ಆ ಗಾಡಿ ಮಾಡಿಸಿದ್ದು ನಗಲಿಕ್ಕಲ್ಲ. ನಮ್ಮ ಮನೆಯವರು ಲಾರಿ ಡ್ರೈವರ್. ಮೊದಲು ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಹೊತ್ತರು, ಆಮೇಲೆ ಪುಣೆ, ಮುಂಬಯಿ. ಲಕ್ವಾ ಹೊಡೆದು ಬಲಗೈ ಹಿಡಿತ ಹೋಯಿತು, ಬಲಗಾಲು ಎಳೆಯತೊಡಗಿತು. ಅಂದಿನಿಂದ ಖಾನಾವಳಿಯ ಮುಂದೆ ಕುರ್ಚಿ ಹಾಕಿಕೊಂಡು, ರಸ್ತೆಗೆ ಬೆನ್ನು ಮಾಡಿ ಕೂತುಬಿಟ್ಟರು. ಯಾವ ಗಾಡಿಯನ್ನೂ ಹತ್ತಲಿಲ್ಲ. ತಾವು ಓಡಿಸದ ಗಾಡಿಯಲ್ಲಿ ಅವರು ಕುಳಿತೇ ಇರಲಿಲ್ಲ. ಒಮ್ಮೆ ಮಾತ್ರ ತಾವಾಗಿ ಹೇಳಿದ್ದರು: "ಎಷ್ಟ ಘಾಟ್ ಹತ್ತೀನಿ. ಒಂದ್ ಗುಡ್ಡ ನೋಡಿಲ್ಲ. ಬರೇ ರೋಡ್ ನೋಡೀನಿ." ಈ ಮನುಷ್ಯ ಆ ಕುರ್ಚಿಯಲ್ಲೇ ಮುಗಿದುಹೋಗುತ್ತಾನೆ ಎಂಬ ಹೆದರಿಕೆ ನನಗೆ ಹತ್ತಿತು. ಗುಡ್ಡ ತೋರಿಸಿಯೇ ಬಿಡುತ್ತೇನೆ ಎಂದು ಹಟ ಹಿಡಿದೆ.

ಪರೀಕ್ಷೆ

ಲಾರಿಯವರ ಪದ್ಧತಿ ಹೀಗೆ: ಕ್ಲೀನರ್ ಎಡಗಡೆ ತಗಡಿಗೆ ಒಂದು ಏಟು ಹಾಕಿದರೆ ನಿಲ್ಲು, ಎರಡು ಹಾಕಿದರೆ ಹೋಗು. ನಮ್ಮ ಅಂಗಳದಲ್ಲಿ ದಿನವಿಡೀ ಅದೇ ಸದ್ದು. ಎರಡು ಏಟು ಬೀಳದೆ ಗಾಡಿ ಹೊರಟದ್ದನ್ನು ನಾನು ನೋಡಿಯೇ ಇರಲಿಲ್ಲ. ಬಸವಕಲ್ಯಾಣದಲ್ಲಿ ನನಗೆ ಡ್ರೈವಿಂಗ್ ಕಲಿಸಿದವರೂ ಹಳೆಯ ಲಾರಿಯವರೇ. ಪಕ್ಕದಲ್ಲಿ ಕುಳಿತು, ಬಾಗಿಲು ಬಡಿದೇ ಹೊರಡಿಸುತ್ತಿದ್ದರು.

ಲೈಸೆನ್ಸ್ ಪರೀಕ್ಷೆಯ ದಿನ ಸಾಹೇಬರು ಪಕ್ಕದಲ್ಲಿ ಕುಳಿತು, "ನಡೀರಿ ಅಮ್ಮಾ" ಎಂದರು. ನಾನು ಗೇರ್ ಹಾಕಿ, ಕ್ಲಚ್ ಒತ್ತಿಕೊಂಡು ಕುಳಿತೆ.

"ಯಾಕ್ರಿ, ಹೋಗಾಕತ್ತಿಲ್ಲ?"

"ನೀವು ಬಡದಿಲ್ರಿ ಸಾಹೇಬರ."

"ಯಾರಿಗಿ?"

"ಗಾಡಿಗ್ರಿ."

ಅವರು ನನ್ನನ್ನು ನೋಡಿದರು, ನಾನು ರಸ್ತೆ ನೋಡುತ್ತಿದ್ದೆ. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಕಡೆಗೆ ಸಾಹೇಬರು ಕಿಟಕಿಯಿಂದ ಕೈ ಹೊರಗೆ ಹಾಕಿ ಎರಡು ಬಡಿದರು. ನಾನು ಹೊರಟೆ. ಎಂಟರ ಅಂಕಿ ಬಿಡಿಸಿದೆ, ರಿವರ್ಸ್ ತೆಗೆದೆ, ಒಂದು ಕಂಬಕ್ಕೂ ತಾಗಿಸಲಿಲ್ಲ. ನಿಲ್ಲಿಸುವ ಜಾಗ ಬಂದಾಗ ಅವರು ತಾವಾಗಿಯೇ ಒಂದು ಬಡಿದರು.

ಇಳಿಯುತ್ತ ಹೇಳಿದರು: "ಪಾಸ್ ಮಾಡೀನ್ರಿ ಅಮ್ಮಾ. ಕ್ಲೀನರ್‌ನ ಮಾತ್ರ ನೀವೇ ಹುಡುಕ್ಕೋಬೇಕು."

ಮಾಲು

ಹೊರಡುವ ಬೆಳಗ್ಗೆ ಎಡಗಡೆಯ ಸೀಟಿಗೆ ಹೊಸ ದಿಂಬು ಹಾಕಿದೆ. ನಮ್ಮ ಮನೆಯವರು ಕೋಲೂರಿಕೊಂಡು ಬಂದು ನೋಡಿದರು.

"ಅದು ಕ್ಲೀನರ್ ಸೀಟ."

"ಗಾಡಿ ನಮ್ಮದು. ಸೀಟಿನ ಮ್ಯಾಲ ಹಂಗಂತ ಬರದದೇನು?"

"ನಿನಗ ಓದಾಕ ಬರ್ತದ, ಕಾಣಂಗಿಲ್ಲ. ನನಗ ಓದಾಕ ಬರಂಗಿಲ್ಲ, ಕಾಣ್ತದ."

ನಾವು ಹೀಗೆ ಮಾತಾಡುತ್ತಿರುವಾಗ ಖಾನಾವಳಿಯ ನಾಯಿ ಮೋತಿ ಜಿಗಿದು ಆ ದಿಂಬಿನ ಮೇಲೆ ಕುಳಿತು, ರಸ್ತೆಯ ಕಡೆ ಮುಖ ಮಾಡಿದ. ಇಳಿಸಲು ಹೋದರೆ ಹಲ್ಲು ತೋರಿಸಿದ. ನಮ್ಮ ಮನೆಯವರು ಅವನನ್ನೇ ಸ್ವಲ್ಪ ಹೊತ್ತು ನೋಡಿ, ನಾಯಿಯೂ ಹೊರಟಮೇಲೆ ತಾವೊಬ್ಬರೇ ಉಳಿದರೆ ಚೆನ್ನಾಗಿರುವುದಿಲ್ಲ ಎನಿಸಿತೋ ಏನೋ, "ನಾ ಹಿಂದ ಕುಂದ್ರತೀನಿ, ಮಾಲ್ ಇದ್ದಂಗ. ಮಾಲ್ ಮಾತಾಡಂಗಿಲ್ಲ, ಮೊದಲ ಹೇಳೀನಿ" ಎಂದರು.

ಹಿಂದಿನ ಮಂಚ ಹತ್ತಿ, ಮುಂದಿನ ಸೀಟುಗಳಿಗೂ ತಮಗೂ ನಡುವಿನ ಪರದೆ ಎಳೆದುಕೊಂಡರು. ಹೈವೇ ಹತ್ತಿದ ಮೇಲೆ ಎಲ್ಲ ಗಾಡಿಗಳೂ ನಮ್ಮ ಪಕ್ಕ ಬಂದು ನಿಧಾನ ಮಾಡಿದವು. ಹೆಂಗಸು ಓಡಿಸುತ್ತಿದ್ದಾಳೆ ಎಂದಲ್ಲ. ಅವಳ ಕ್ಲೀನರ್‌ಗೆ ಬಾಲ ಇದೆ ಎಂದು.

ಉಮರ್ಗಾ ತನಕ

ನಮ್ಮ ಕಡೆ ಕ್ರಾಸಿನಲ್ಲಿ ಯಾವ ವ್ಯಾನು ನಿಧಾನ ಮಾಡಿದರೂ ಅದು ಪ್ಯಾಸೆಂಜರು ಹತ್ತಿಸಿಕೊಳ್ಳಲಿಕ್ಕೇ ಎಂದು ಜನ ತಿಳಿಯುತ್ತಾರೆ. ಉಮರ್ಗಾದ ಈಚೆಗೆ ರಸ್ತೆ ಉಬ್ಬು ಬಂತೆಂದು ಬ್ರೇಕ್ ಒತ್ತಿದೆ. ಪಕ್ಕದ ಬಾಗಿಲು ಸರಿದು, ಒಂದು ಚೀಲ ಬದನೆಕಾಯಿ, ಅದರ ಹಿಂದೆ ಒಬ್ಬ ಮುದುಕಿ ಒಳಗೆ ಬಂದರು. ನಮ್ಮ ಮನೆಯವರಿಗೆ "ಸರೀರಿ ಅಣ್ಣಾ" ಎಂದು ಮಂಚದ ತುದಿಗೆ ಕುಳಿತರು. ಒಲೆ ನೋಡಿದರು, ಡ್ರಮ್ಮು ನೋಡಿದರು, ಪರದೆ ಸರಿಸಿ ನನ್ನನ್ನು ಕೇಳಿದರು.

"ಯವ್ವಾ, ಇದು ಯಾವ ದವಾಖಾನಿ ಗಾಡಿ?"

"ದವಾಖಾನಿದಲ್ಲ ಆಯಿ. ನಮ್ಮ ಮನಿ."

"ಮನಿ ಎಲ್ಲಿಗಿ ಹೊಂಟದ?"

"ಮಹಾಬಳೇಶ್ವರಕ್ಕ."

ಅವರು ಯೋಚನೆ ಮಾಡಿದರು. "ಬಾಡಿಗಿ ಮನಿ ಏನು?"

ಕೇಳಿದವರೇ ನಮ್ಮ ಮನೆಯವರ ಕಡೆ ತಿರುಗಿ, "ಇವರು ಯಾಕ ಮಾತಾಡವಲ್ಲರು?" ಎಂದರು.

ನನಗೂ ಬೆಳಗಿನಿಂದ ಸಿಟ್ಟಿತ್ತು. "ಅವರು ಮಾಲ್ ಅದಾರ" ಎಂದೆ.

ಉಮರ್ಗಾದಲ್ಲಿ ಬದನೆಕಾಯಿ ಇಳಿಸಿಕೊಂಡು, ಬೇಡವೆಂದರೂ ಕೇಳದೆ ಬಾಡಿಗೆ ಎಂದು ನನ್ನ ಕೈಗೆ ನಾಲ್ಕು ಕಾಯಿ ಇಟ್ಟು, ಮುದುಕಿ ಹೇಳಿದರು: "ಮಾಲ್ ಛಲೋ ಅದ ತಂಗಿ. ಸಂಭಾಳಿಸಿ ಇಳಿಸ್ಕೊ."

ಪರದೆಯ ಹಿಂದೆ ಒಂದು ಕೆಮ್ಮು ಕೇಳಿತು. ಮಾಲು ಮಾತಾಡುವುದಿಲ್ಲ, ಕೆಮ್ಮುತ್ತದೆ ಎಂದು ಅಂದು ತಿಳಿಯಿತು.

ಘಾಟು

ವಾಯಿ ಊರು ದಾಟಿದ ಮೇಲೆ ಘಾಟು. ನಮ್ಮ ಬಯಲು ನೆಲದಲ್ಲಿ ಕಲಿತವಳಿಗೆ ಅಲ್ಲಿ ರಸ್ತೆಯೇ ಕಾಣುವುದಿಲ್ಲ, ಬರೀ ಆಕಾಶ ಕಾಣುತ್ತದೆ. ಒಂದು ತಿರುವಿನಲ್ಲಿ ಮೇಲಿನಿಂದ ದೊಡ್ಡ ಬಸ್ಸು ಬಂತು. ಇಬ್ಬರಿಗೂ ಜಾಗವಿಲ್ಲ. ಬಸ್ಸಿನ ಹಿಂದೆ ಸಾಲು ಸಾಲು ಗಾಡಿ. ನಾನೇ ಹಿಂದೆ ಹೋಗಬೇಕು. ಎಡಗಡೆ ಕಣಿವೆ. ಕನ್ನಡಿಯಲ್ಲಿ ನೋಡಿದರೆ ಅಲ್ಲಿಯೂ ಆಕಾಶ.

ಹಿಂದೆ ತಿರುಗಿ ಕೇಳಲು ನನ್ನ ಹಟ ಬಿಡಲಿಲ್ಲ. ಹೇಳಲು ಅವರ ಹಟ ಬಿಡಲಿಲ್ಲ. ಗಾಡಿ ಹಿಂದಕ್ಕೆ ಜಾರತೊಡಗಿತು. ಮೋತಿ ಸಣ್ಣಗೆ ಕುಂಯ್‌ಗುಟ್ಟಿದ.

ತಗಡಿಗೆ ಒಂದು ಏಟು ಬಿತ್ತು. ನನ್ನ ತಲೆಗೆ ಗೊತ್ತಾಗುವ ಮೊದಲೇ ಕಾಲು ಬ್ರೇಕ್ ಒತ್ತಿತ್ತು.

"ಸ್ಟೇರಿಂಗ್ ಬಲಕ್ಕ ಕಟ್ ಮಾಡು" ಎಂದು ಪರದೆ ಮಾತಾಡಿತು. "ಬರ್ಲಿ. ಬರ್ಲಿ. ಸಾವಕಾಶ. ಇನ್ನ ಗೇಣ ಜಾಗಾ ಅದ, ಬರ್ಲಿ." ಮತ್ತೆ ಒಂದು ಏಟು. ಬಸ್ಸು ಕೂದಲೆಳೆಯಷ್ಟು ದೂರದಲ್ಲಿ ಇಳಿದುಹೋಯಿತು. ಎರಡು ಏಟು ಬಿತ್ತು. ಮೇಲೆ ಹತ್ತಿದೆ.

ಸಮ ನೆಲ ಬಂದ ಮೇಲೆ ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು, "ನೀವು ಬಡದಿದ್ದು ಛಲೋ ಆತು" ಎಂದೆ. ಇನ್ನಾದರೂ ಮುಂದೆ ಬಂದಾರು ಎಂದು ಆಸೆ.

"ನಾ ನಿನ್ನ ಸಲುವಾಗಿ ಬಡದಿಲ್ಲ" ಎಂದರು. "ನಾಯಿ ಅಂಜಿತ್ತು."

ಮಂಗ

ಮಹಾಬಳೇಶ್ವರದಲ್ಲಿ ಮಂಗಗಳ ರಾಜ್ಯ. ಹುಮನಾಬಾದಿನ ಹಂದಿಗಳನ್ನೆಲ್ಲ ಓಡಿಸುವ ಮೋತಿ ಒಂದು ಮಂಗದ ಮುಂದೆ ಹೋಗಿ ಎದೆ ಸೆಟೆದು ನಿಂತ. ಅದು ಸಾವಕಾಶ ಕೆಳಗಿಳಿದು ಬಂದು ಅವನ ಕೆನ್ನೆಗೆ ಹೊಡೆದು, ವ್ಯಾನಿನೊಳಗೆ ನುಗ್ಗಿ, ನಾನು ಮನೆಯಿಂದ ಕಟ್ಟಿಕೊಂಡು ಬಂದ ಕಡಕ್ ಜೋಳದ ರೊಟ್ಟಿ ಒಂದನ್ನು ಹಿಡಿದುಕೊಂಡು ಗಿಡ ಹತ್ತಿತು.

ಒಂದು ಕಡಿ ಕಡಿಯಿತು. ಸದ್ದು ಕೇಳಿ ತಾನೇ ಬೆಚ್ಚಿತು. ತಿರುಗಿಸಿ ನೋಡಿತು, ಮೂಸಿತು, ಇನ್ನೊಂದು ಕಡಿ ಕಡಿಯಿತು. ಆಮೇಲೆ ಇಳಿದು ಬಂದು ರೊಟ್ಟಿಯನ್ನು ಮೆಟ್ಟಿಲ ಮೇಲೆ ಇಟ್ಟು ಹೋಯಿತು.

ಅರ್ಧ ಹಿಂದೂಸ್ತಾನದ ಲಾರಿ ಡ್ರೈವರುಗಳು ನನ್ನ ರೊಟ್ಟಿ ತಿಂದಿದ್ದಾರೆ. ಇಂಥ ಅವಮಾನ ಆಗಿರಲಿಲ್ಲ.

ಮಂಚದ ಮೇಲಿಂದ ಮಾತು ಬಂತು: "ಇಷ್ಟ ವರ್ಷ ನನಗ ಅದು ತಿಳೀಲಿಲ್ಲ ನೋಡು. ವಾಪಸ್ ಕೊಡಾಕ ಬರ್ತಿತ್ತು ಅಂತ."

ಎರಡು ಏಟು

ಮರುದಿನ ಬೆಳಗ್ಗೆ ಒಂದು ಚಹದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ್ದೆ. ಗುಡ್ಡ ಚೆನ್ನಾಗಿ ಕಾಣುವ ಜಾಗ ಇನ್ನೂ ಮುಂದಿತ್ತು. ನಾನು ಸ್ಟೇರಿಂಗ್ ಹಿಡಿದು ಎದುರಿನ ಮರಾಠಿ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಹಿಂದೆ ಎಡಗಡೆ ತಗಡಿಗೆ ಎರಡು ಏಟು ಬಿತ್ತು. ಹೊರಟೆ.

ಎರಡು ಏಟು ಬಿದ್ದಿತ್ತಲ್ಲ, ಅದರಿಂದ ನನ್ನ ಮನಸ್ಸು ತುಂಬಿತ್ತು. ಕೇಳದೆಯೇ ಬಡಿದರು ಎಂದುಕೊಂಡೆ. ಅವರ ಮುಖ ಕಾಣದಿದ್ದುದರಿಂದ ಬಾಯಿ ಬಿಟ್ಟೆ. ಪರದೆಗೆ ಬೆನ್ನು ಮಾಡಿ, ರಸ್ತೆ ನೋಡುತ್ತಲೇ ಹೇಳಿದೆ.

"ನನ್ನ ಮ್ಯಾಲ ಸಿಟ್ಟದ ಅಂತ ಗೊತ್ತದ ನನಗ. ಹೆಂಡತಿ ಸ್ಟೇರಿಂಗ್ ಹಿಡದಾಳ ಅಂತ. ಶೋಕಿಗಿ ಹಿಡದೀನೇನು? ಘಾಟ್‌ನ್ಯಾಗ ನನ್ನ ಕಾಲ ನಡುಗಾಕತ್ತಿದ್ದವು. ನೀವು ಇಲ್ಲಾಂದ್ರ ನಾವೆಲ್ಲ ಆ ಕಣಿವ್ಯಾಗ ಇರ್ತಿದ್ವಿ. ಆ ಕುರ್ಚಿ ಮ್ಯಾಲ ನಿಮಗ ನೋಡೋದು ನನ್ನ ಕೈಲೆ ಆಗವಲ್ದು. ಒಮ್ಮಿ ಮುಂದ ಬಂದು ಕುಂದರ್ರಿ. ನಿಮ್ಮ ಬಲಗೈ ನಾ ಆಗ್ತೀನಿ ಅಂತ ಅನ್ನಂಗಿಲ್ಲ, ನನ್ನ ಎಡಗಡಿ ನೀವು ನೋಡ್ರಿ. ಇಷ್ಟ."

ಮದುವೆಯಾದಂದಿನಿಂದ ಇಷ್ಟು ಮಾತು ನಾನು ಒಟ್ಟಿಗೆ ಆಡಿದ್ದಿಲ್ಲ. ಮೋತಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದ. ಪರದೆ ಅಲುಗಲಿಲ್ಲ. ಎಂಥ ಕಲ್ಲು ಮನುಷ್ಯ ಎಂದು ಕಣ್ಣು ಒರೆಸಿಕೊಂಡೆ.

ಗುಡ್ಡದ ಅಂಚಿಗೆ ಬಂದು ನಿಲ್ಲಿಸಿದೆ. ಮೋಡ ಕೆಳಗಿತ್ತು, ನಾವು ಮೇಲಿದ್ದೆವು. ಹೋಗಿ ಹಿಂದಿನ ಬಾಗಿಲು ತೆಗೆದು, "ಇಳೀರಿ, ನೋಡ್ರಿ" ಎಂದೆ.

ಮಂಚದ ಮೇಲೆ ಮಡಿಸಿದ ಕಂಬಳಿ ಮಾತ್ರ ಇತ್ತು. ಮೋತಿಯೂ ಬಂದು ಒಳಗೆ ಇಣುಕಿ, ನನ್ನ ಮುಖ ನೋಡಿದ.

ಆ ಇಕ್ಕಟ್ಟಿನ ರಸ್ತೆಯಲ್ಲಿ ಗಾಡಿ ತಿರುಗಿಸುವುದು ಬಡಿಯುವವರಿಲ್ಲದೆ ಹೇಗೆ ಎಂದು ಕಲಿಯಬೇಕಾಯಿತು. ಇಳಿದು ಹಿಂದೆ ನೋಡುವುದು, ಹತ್ತಿ ಒಂದು ಮೊಳ ಸರಿಯುವುದು, ಮತ್ತೆ ಇಳಿಯುವುದು. ಗುಡ್ಡ ನೋಡಲು ಬಂದವರೆಲ್ಲ ಗುಡ್ಡಕ್ಕೆ ಬೆನ್ನು ಮಾಡಿ ನನ್ನನ್ನೇ ನೋಡಿದರು.

ಚಹದ ಅಂಗಡಿಯ ಮುಂದೆ ಜನ ಸೇರಿತ್ತು. ನಡುವೆ ಸ್ಟೂಲಿನ ಮೇಲೆ ನಮ್ಮ ಮನೆಯವರು, ಎಡಗೈಯಲ್ಲಿ ಚಹ. ಎದುರಿಗೆ ಮೆಕ್ಕೆಜೋಳದ ತೆನೆ ಮಾರುವ ಒಬ್ಬಾತ ತಪ್ಪು ಮಾಡಿದವನ ಹಾಗೆ ನಿಂತಿದ್ದ. ತೆನೆ ಬೇಕೇ ಎಂದು ಕೇಳಲು ತಗಡು ಬಡಿದವನು ಅವನು. ಚಹ ಕುಡಿಯಲೆಂದು ಇವರು ಸದ್ದಿಲ್ಲದೆ ಇಳಿದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಚಹದವರು ಹಿಂದಿಯಲ್ಲಿ ಹೇಳಿದರು: "ಬನ್ನಿ ಅಮ್ಮಾ. ನಿಮ್ಮ ಕ್ಲೀನರ್ ಇಲ್ಲೇ ಇದ್ದಾರೆ."

"ಯಾರು?" ಎಂದೆ.

"ಇವರೇ. ಪೊಲೀಸರಿಗೆ ಫೋನ್ ಮಾಡೋಣ ಎಂದೆವು. ಬೇಡ, ನಾನು ಆ ಗಾಡಿಯ ಕ್ಲೀನರ್, ಡ್ರೈವರ್ ಹೊಸಬಳು, ತಿರುಗಿಸಲು ಜಾಗ ಸಿಕ್ಕ ಕೂಡಲೇ ಬರುತ್ತಾಳೆ ಎಂದರು. ಎರಡು ಏಟು ಬಿದ್ದ ಮೇಲೆ ಹೊರಡಲೇಬೇಕು, ಡ್ರೈವರದು ತಪ್ಪಿಲ್ಲ ಎಂದು ಆಗಿನಿಂದ ಈ ತೆನೆಯವನಿಗೆ ಪಾಠ ಹೇಳುತ್ತಿದ್ದಾರೆ."

ತೆನೆಯವನು ಇನ್ನು ಯಾರ ಗಾಡಿಯನ್ನೂ ಮುಟ್ಟುವುದಿಲ್ಲ ಎಂದು ಹೇಳಿ, ನನಗೆ ಒಂದು, ಮೋತಿಗೆ ಒಂದು ತೆನೆ ಕೊಟ್ಟ.

ನಮ್ಮ ಮನೆಯವರು ಎದ್ದು, ಕೋಲೂರಿಕೊಂಡು, ಎಡಗಡೆಯ ಬಾಗಿಲು ತೆಗೆದರು. "ಏ ಮೋತಿ, ಹಿಂದ ನಡಿ" ಎಂದರು. ಅವನು ನಡೆದ. ಇವರು ದಿಂಬು ಸರಿಪಡಿಸಿಕೊಂಡು ಕುಳಿತರು. ನಾನು ಸ್ಟೇರಿಂಗ್ ಮುಂದೆ ಬಂದು ಕುಳಿತೆ.

"ಅಷ್ಟು ದೂರ ಹೋದಿ, ನಾ ಇಲ್ಲ ಅಂತ ತಿಳೀಲಿಲ್ಲೇನು?"

"ಮಾತಾಡಾಕತ್ತಿದ್ದೆ."

"ಯಾರ ಜೋಡಿ?"

"ನಿಮ್ಮ ಜೋಡಿ. ಮುಂದ ಬಂದು ಕುಂದರ್ರಿ ಅಂತ."

"ನಾ ಏನಂದೆ?"

"ಏನೂ ಅನ್ಲಿಲ್ಲ."

ಅವರು ಮುಂದಿನ ಗಾಜಿನಿಂದ ಗುಡ್ಡವನ್ನೇ ನೋಡುತ್ತ ಹೇಳಿದರು: "ಹಂಗಾರ ಒಪ್ಪಿರಬೇಕು."

ಈಗ ನನ್ನದೆಂದು ಹೇಳಿಕೊಳ್ಳಲು ಇರುವುದು ಇಷ್ಟು: ಹೈವೇ ಪಕ್ಕ ಒಂದು ಖಾನಾವಳಿ, ಗಾಲಿಯ ಮೇಲೆ ಒಂದು ಮನೆ, ಅದನ್ನು ಓಡಿಸುವ ಸೀಟು. ಖಾನಾವಳಿಗೆ ನನ್ನ ಎರಡೂ ಮೊಣಕಾಲು ಹೋದವು. ಗಾಡಿಗೆ ನನ್ನವ್ವ ಕೊಟ್ಟ ಬಂಗಾರದ ಬೋರಮಾಳ ಸರ ಹೋಯಿತು. ಆ ಸೀಟಿಗೆ ಮಾತ್ರ ನಾನು ಏನೂ ಕೊಟ್ಟಿಲ್ಲ. ಅದರ ಬೆಲೆ ನಮ್ಮ ಮನೆಯವರ ಬಲಗೈ.