ಮಾವಿನಕಾಯಿಯ ಮೂತಿ ಮತ್ತು ಒಬ್ಬ ಸರ್ವೆಯರ್

ಅಳತೆ ಗೊತ್ತಿದ್ದವನಿಗೆ ಯಾವ ಆಕಾರವೂ ಕಷ್ಟವಲ್ಲ ಎಂಬುದು ನನ್ನ ನಂಬಿಕೆ. ಬೆಳ್ತಂಗಡಿ ಕಡೆಯ ಗುಡ್ಡ, ತೋಡು, ಅಣ್ಣತಮ್ಮಂದಿರ ಜಗಳ ಎಲ್ಲವನ್ನೂ ಅಳೆದು ನಿವೃತ್ತನಾದ ಸರ್ವೆಯರ್ ನಾನು. ಇಂಥವನು ಮನೆಯಲ್ಲಿ ಕೂತರೆ ಏನಾಗುತ್ತದೆ? ಅಡಿಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಾನೆ, ಹೆಂಡತಿಗೆ ಸಾಸಿವೆ ಸಿಗುವುದಿಲ್ಲ. ಇಂಥ ಸಾಧನೆಗಳ ಮಧ್ಯೆ ಹೋದ ವರ್ಷ ನಾನು ಲೇಸ್ ಹೆಣೆಯಲು ಕೂತೆ.

ಲೇಸ್ ನನ್ನ ಹೆಂಡತಿ ಸುಮತಿಯ ವಿದ್ಯೆ. ಶಾಲೆಯ ದಿನಗಳಲ್ಲಿ ಒಬ್ಬರು ಸಿಸ್ಟರ್ ಅವಳಿಗೂ ಅವಳ ಗೆಳತಿಗೂ ಕಲಿಸಿದ್ದು. ಗಟ್ಟಿ ದಿಂಬಿನ ಮೇಲೆ ನಕ್ಷೆಯ ರಟ್ಟು, ರಟ್ಟಿನ ತೂತುಗಳಲ್ಲಿ ಗುಂಡುಸೂಜಿ, ಸೂಜಿಯನ್ನು ಸುತ್ತಿ ಬರುವ ನೂಲು, ನೂಲಿನ ತುದಿಗೆ ಬೆರಳುದ್ದದ ಮರದ ಕಡ್ಡಿಗಳು. ಕಡ್ಡಿಗಳನ್ನು ಜೋಡಿ ಜೋಡಿಯಾಗಿ ದಾಟಿಸುತ್ತಾ, ತಿರುಚುತ್ತಾ ಹೋದರೆ ಲೇಸ್ ಹುಟ್ಟುತ್ತದೆ. ಆ ಗೆಳತಿ ಈಗ ಇಲ್ಲ. ಶಿರ್ತಾಡಿಯಲ್ಲಿರುವ ಅವಳ ಮಗಳು ಪ್ರಜ್ಞಾಳಿಗೆ ಮದುವೆ ಗೊತ್ತಾದಾಗ, ರವಿಕೆಯ ಬೆನ್ನಿಗೆ ಲೇಸಿನ ಮಾವಿನಕಾಯಿ ಮಾಡಿಕೊಡುವುದಾಗಿ ಸುಮತಿ ಮಾತು ಕೊಟ್ಟಿದ್ದಳು. ಕೊಟ್ಟ ಮರುವಾರವೇ ಬಚ್ಚಲಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಳು.

"ಗುರುವಾರ ಟೈಲರಿಗೆ ಕೊಡ್ಬೇಕು. ಅವಳ ಅಮ್ಮ ಇದ್ದಿದ್ರೆ ಅವಳೇ ಮಾಡಿ ಹಾಕ್ತಿದ್ಲು," ಎಂದು ಕಣ್ಣೊರೆಸಿಕೊಂಡಳು.

"ಅದಕ್ಕೆ ಅಳುವುದು ಎಂತದಕ್ಕೆ ಮಾರಾಯ್ತಿ? ನಾನು ಮಾಡ್ತೇನೆ," ಎಂದೆ.

ಅವಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

ಎರಡೇ ದಿನದಲ್ಲಿ ಕೈ ಕುದುರಿತು. ಒಂದು ಜೋಡಿ ಕಡ್ಡಿ ಅತ್ತಿಂದಿತ್ತ ಓಡಾಡುವುದು, ಉಳಿದವು ತೂಗಿಕೊಂಡಿರುವುದು. ಕಾಯಿ ಅಗಲವಾಗುವಲ್ಲಿ ಅಂಚಿನ ಸೂಜಿಗೆ ಹೊಸ ಜೋಡಿ ಸೇರಿಸುವುದು, ಸಪೂರವಾಗುವಲ್ಲಿ ಒಂದೊಂದೇ ಜೋಡಿಯನ್ನು ಹಿಂದಕ್ಕೆ ಮಲಗಿಸುವುದು. ಜಮೀನು ಅಗಲವಾಗಿ ಕಿರಿದಾಗುವಂತೆ ಇದೂ ಲೆಕ್ಕವೇ ಎಂದು ಬಂಟ್ವಾಳದಲ್ಲಿರುವ ತಂಗಿಗೆ ಫೋನ್ ಮಾಡಿ ವಿವರಿಸಿದೆ. ಕುಕ್ಕರ್ ಕೂಗಿತೆಂದು ಅವಳು ಫೋನ್ ಇಟ್ಟಳು. ನನಗೇನೂ ಕೇಳಿಸಿರಲಿಲ್ಲ.

ಮಂಗಳವಾರ ಮಾವಿನಕಾಯಿಯ ಬಾಗಿದ ಮೂತಿಗೆ ಬಂದು ನಿಂತೆ. ರಟ್ಟಿನಲ್ಲಿ ಹೊರಬದಿಗೆ ಹನ್ನೊಂದು ತೂತು, ಒಳಬದಿಗೆ ನಾಲ್ಕೇ.

"ಒಳಗೆ ಅದೇ ಸೂಜಿಗೆ ಪುನಃ ಪುನಃ ಬರ್ಬೇಕು," ಎಂದಳು ಸುಮತಿ.

ನನಗೆ ಒಪ್ಪಿಗೆಯಾಗಲಿಲ್ಲ. ಕೊಕ್ಕಡದಲ್ಲಿ ಒಬ್ಬರು ಒಂದೇ ಗಡಿಕಲ್ಲನ್ನು ಬೇಕಾದಾಗ ಬೇಕಾದ ಕಡೆಯ ಲೆಕ್ಕಕ್ಕೆ ಹಿಡಿದದ್ದರಿಂದ ಎದ್ದ ರಂಪ ನಾನು ಕಂಡವನು. ಸುಮತಿ ಮಧ್ಯಾಹ್ನ ಮಲಗಿದಾಗ ಒಳಬದಿಗೂ ಹನ್ನೊಂದಾಗುವಂತೆ ಏಳು ತೂತು ಚುಚ್ಚಿದೆ. ಸಾಲಿಗೊಂದು ಸೂಜಿ, ಯಾರಿಗೂ ತಕರಾರಿಲ್ಲ.

ಅವಳು ಏಳುವ ಹೊತ್ತಿಗೆ ಮೂತಿ ಸುಟ್ಟ ಹಪ್ಪಳದ ಹಾಗೆ ಮುದುಡಿ ಎದ್ದಿತ್ತು. ಒಳಗಡೆ ಸೂಜಿಗಳು ಒತ್ತೊತ್ತಾಗಿ ನಿಂತು ನೂಲಿಗೆ ಉಸಿರಾಡಲು ಜಾಗವಿರಲಿಲ್ಲ. ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ.

"ನನ್ನ ಕೈ ಸರಿ ಇದ್ದಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅಷ್ಟು ನಾಚಿಕೆ ನನಗೆಂದೂ ಆಗಿರಲಿಲ್ಲ. ಕಡ್ಡಿಗಳನ್ನು ಬಂದ ದಾರಿಯಲ್ಲೇ ಒಂದೊಂದಾಗಿ ಹಿಂದೆ ದಾಟಿಸಿ, ಸೂಜಿ ಕಿತ್ತು, ಮೂತಿಯನ್ನೆಲ್ಲ ಬಿಚ್ಚಿದೆ. ಬುಧವಾರ ಪೂರ್ತಿ ಅವಳು ಎಡಗೈಯ ಬೆರಳಿಂದ ತೋರಿಸಿದಲ್ಲಿಗೆ, ತೋರಿಸಿದಷ್ಟು ಸಲ ಹೋಗಿ ಬಂದೆ. ಹೊರಗಿನ ಕಡ್ಡಿಗಳು ದೂರ ಸುತ್ತಿ ಬರುವಾಗ ಒಳಗಿನ ಒಂದು ಸೂಜಿ ಸುಮ್ಮನೆ ನಿಂತು ಎಲ್ಲರನ್ನೂ ತಿರುಗಿಸಿ ಕಳಿಸುತ್ತಿತ್ತು. ಮೂತಿ ತಾನಾಗಿಯೇ ಬಾಗಿತು. ಗುರುವಾರ ಬೆಳಿಗ್ಗೆ ಸೂಜಿಗಳನ್ನು ತೆಗೆದಾಗ ಅಂಗೈಯಗಲದ ಬಿಳಿ ಮಾವಿನಕಾಯಿ ದಿಂಬಿನ ಮೇಲೆ ಚಪ್ಪಟೆಯಾಗಿ ಮಲಗಿತ್ತು.

ಮದುವೆ ಮೂಡುಬಿದಿರೆಯ ಕಲ್ಯಾಣಮಂಟಪದಲ್ಲಿ. ಧಾರೆ ಮುಗಿದ ಮೇಲೆ ಪ್ರಜ್ಞಾ ಬಂದು ಸುಮತಿಯನ್ನು ಅಪ್ಪಿ, "ಅಮ್ಮನೇ ಬಂದ ಹಾಗಾಯ್ತು ಆಂಟಿ," ಎಂದಳು.

"ಇವರು ಮಾಡಿದ್ದು ಮಗಾ," ಎಂದು ಸುಮತಿ ನನ್ನನ್ನು ತೋರಿಸಿದಳು.

ಸುತ್ತ ನಿಂತ ಹೆಂಗಸರೆಲ್ಲ ಒಳ್ಳೆಯ ತಮಾಷೆಯೆಂದು ನಕ್ಕರು. ಪ್ರಜ್ಞಾಳ ಅತ್ತೆಯಂತೂ, "ಗಂಡನನ್ನು ಇಷ್ಟು ಮೇಲೆ ಏರಿಸುವವರು ಈಗ ಯಾರುಂಟು ಸುಮತಕ್ಕ!" ಎಂದರು. ನನಗೆ ತಡೆಯಲಾಗಲಿಲ್ಲ. ಆಕೆಯನ್ನು ಊಟದ ಪಂಕ್ತಿಯವರೆಗೂ ಬಿಡದೆ ಹಿಂಬಾಲಿಸಿ ಎಲ್ಲವನ್ನೂ ವಿವರಿಸಿದೆ. "ಗುಟ್ಟು ಇರುವುದು ಒಳಬದಿಯಲ್ಲಿ ಅಮ್ಮ. ಅಲ್ಲಿ ಅದೇ ಸೂಜಿಗೆ ಪುನಃ ಪುನಃ ಬರ್ಬೇಕು. ಕೆಲವರಿಗೆ ಎಷ್ಟು ಹೇಳಿದ್ರೂ ಇದು ತಲೆಗೆ ಹೋಗುವುದಿಲ್ಲ," ಎಂದೆ.

"ಹೌದೌದು," ಎಂದು ಬೆನ್ನ ಹಿಂದಿನಿಂದ ಸುಮತಿಯ ದನಿ ಬಂತು. "ನಂಗೂ ಇವರೇ ಹೇಳಿಕೊಟ್ಟದ್ದು."

ಆ ದಿನ ಪಾಯಸ ಎರಡನೇ ಸಲ ಬಂದಾಗ ನಾನು ಬೇಡವೆಂದೆ. ಬಡಿಸುವವರು ನನಗೆ ಸಕ್ಕರೆ ಕಾಯಿಲೆ ಎಂದುಕೊಂಡರು.